ಧಾರೆ ಹಾಲಿಗೆ ತಕ್ಕ ಪ್ರೊಸೆಸರ್

ತಂಗಿ ಮದುವೆ ವಿಡಿಯೋನ ಮನೇಲಿ ನಾನೇ ಎಡಿಟ್ ಮಾಡ್ತೀನಿ ಅಂತ ಹಟ ಹಿಡಿದಿದ್ದೆ. ನಮ್ಮ ಹಳೇ ಕಂಪ್ಯೂಟರ್ ಅದನ್ನ ತೆರೆಯೋಕೇ ಒದ್ದಾಡ್ತಿತ್ತು. ಪೆನ್‌ಡ್ರೈವ್ ಹಿಡಿದು ಯಲಹಂಕದ ಒಂದು ಅಂಗಡಿಗೆ ಹೋದೆ.

"ಬಾಯಿಮಾತು ಬೇಡ, ನನ್ನ ವಿಡಿಯೋನೇ ಓಡಿಸಿ ತೋರಿಸಿ" ಅಂದೆ.

ಅಂಗಡಿಯವರು ಮೊದಲು ಎರಡು ಕೋರ್ ಪ್ರೊಸೆಸರ್‌ನ ಅಗ್ಗದ ಮಷೀನಿಗೆ ಹಾಕಿದರು. ಧಾರೆ ಎರೆಯೋ ಸಾಲು ಬಂತು. ಕೊಡಿಗೇಹಳ್ಳಿಯ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಹಾಲು ಬಿಡ್ತಿದ್ದಾರೆ. ನಮ್ಮ ದೊಡ್ಡಪ್ಪ ಬಿಟ್ಟ ಹಾಲು ಗಾಳಿಯಲ್ಲೇ ನಿಂತುಹೋಯಿತು.

"ಇದು ಆಗಲ್ಲ, ಮೇಲಿಂದು ತೋರಿಸಿ."

ನಾಲ್ಕು ಕೋರ್‌ನದೂ ಅತ್ತೆಯ ಸರದಿ ಬಂದಾಗ ಮುಗ್ಗರಿಸಿತು.

"ಮೇಡಂ, ಹಾಲು ಬಿಡೋದೇ ಒಂದೂವರೆ ಗಂಟೆ ಇದೆ. ಒಂದೈದು ಜನರನ್ನ ಇಟ್ಕೊಂಡು ಮಿಕ್ಕಿದ್ದು ಕಟ್ ಮಾಡಿ. ಮೊದಲನೇ ಮಷೀನೇ ಸಾಕು" ಅಂದರು. ಪಾಪ, ವ್ಯಾಪಾರ ಬಿಟ್ಟು ಹೇಳಿದ ಬುದ್ಧಿಮಾತು.

"ನಿಮ್ಮದು ಯಾವೂರು?"

"ಇಲ್ಲೇ, ಚಿಕ್ಕಬಾಣಾವರ."

"ನಿಮ್ಮ ಮದುವೆ ವಿಡಿಯೋದಲ್ಲಿ ಯಾರನ್ನ ಕಟ್ ಮಾಡಿಸಿದ್ರಿ?"

ಅವರು ನೇರ ಒಳಗೆ ಹೋಗಿ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮಷೀನ್ ತಂದರು. ದೊಡ್ಡಪ್ಪನ ಹಾಲು ಸರಾಗವಾಗಿ ಇಳಿಯಿತು.

ಪ್ಯಾಕ್ ಮಾಡುವಾಗ, ನಾನು ಕೇಳದಿದ್ದರೂ, ಇನ್ನೊಂದು ಹಾರ್ಡ್‌ಡಿಸ್ಕ್ ತಂದು ಮೇಲಿಟ್ಟರು.

"ಗಂಡಿನ ಕಡೆಯವರೂ ಇರ್ತಾರಲ್ಲ."