ಉಜ್ಜಿನಪ್ಪ ಒಪ್ಪಿದ ಜಾಗ

ಕೊಟ್ಟೂರಿನ ಉಜ್ಜಿನಪ್ಪನಿಗೆ ಅನುಮಾನ ಎನ್ನುವುದು ಹುಟ್ಟುಗುಣ. ಬೀಜದ ಚೀಲ ತಂದರೆ ಒಂದು ಹಿಡಿ ನೆನೆಹಾಕಿ ಮೊಳಕೆ ನೋಡದೆ ಬಿತ್ತಿದವನಲ್ಲ. ಸಂತೆಯಲ್ಲಿ ಎತ್ತು ಕೊಂಡರೆ ಹಲ್ಲು ನೋಡಿ, ಸುಳಿ ನೋಡಿ, ಮಾರುವವನ ಮುಖ ನೋಡಿ, ಮನೆಗೆ ಬಂದು ಇನ್ನೊಮ್ಮೆ ಹಲ್ಲು ನೋಡುತ್ತಿದ್ದ. ಮಗಳ ಮದುವೆಯಲ್ಲಿ ಬೀಗರು ಕೊಟ್ಟ ಸಕ್ಕರೆಯನ್ನೂ ಮೂಸಿ ನೋಡಿದ ಪುಣ್ಯಾತ್ಮ! ‘ಅನುಮಾನಂ ಪೆದ್ದ ರೋಗಂ’ ಎಂದು ಊರು ನಗುತ್ತಿತ್ತು. ನಗಲಿ ಬಿಡಿ, ಏನಾದರೂ ಕೊಳ್ಳುವ ಹೊತ್ತು ಬಂದರೆ ನಕ್ಕವರೇ ಮೊದಲು ಅವನ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು.

ಅಂಥವನ ಮಗಳು ಭಾಗ್ಯ ಒಂದು ಸೈಟು ಬೇಕೆಂದಳು. ಅವಳ ಬಾಡಿಗೆ ಮನೆ ಬಸ್‌ಸ್ಟ್ಯಾಂಡಿನ ಹಿಂದೆ. ಮೂರು ತಿಂಗಳ ಕೂಸು ಹಾರನ್ನಿಗೆ ಬೆಚ್ಚಿ ಬೆಚ್ಚಿ ಏಳುತ್ತಿತ್ತು, ತಾಯಿಯ ಕಣ್ಣುಗಳು ಗುಳಿಬಿದ್ದಿದ್ದವು. ಊರಿಂದ ನಾಲ್ಕು ಮೈಲಿ ಆಚೆ ಗುರುಬಸವರಾಜ ಎಂಬವನು ಹೊಸ ಲೇಔಟ್ ಮಾಡಿದ್ದ. ಅದಕ್ಕೆ ತಾಗಿಯೇ ಸರ್ಕಾರದ ಸಣ್ಣ ವಿಮಾನ ನಿಲ್ದಾಣ. ಅಲ್ಲಿ ವಿಮಾನ ಓಡಿಸಲು ಕಲಿಸುವ ಶಾಲೆ ಈಚೆಗೆ ಶುರುವಾಗಿದೆ ಎಂದು ಸುದ್ದಿಯಿತ್ತು.

“ಕೂಸಿಗೆ ನಿದ್ದಿ ಹತ್ತೋ ಜಾಗ ಆದ್ರ ಸಾಕಪ್ಪ,” ಎಂದಳು ಭಾಗ್ಯ.

ಉಜ್ಜಿನಪ್ಪ ಸೋಮವಾರ ಹೋದ. ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನಿಗೆ ಬಿಡುವು, ಅವನ ಹಿಂದೆ ನಡೆಯುವವನಿಗೂ ಬಿಡುವು. ಮೊಣಕಾಲುದ್ದ ಅಗೆದು ಮಣ್ಣು ಹಿಸುಕಿದ. ಬೋರಿನ ನೀರು ಬಾಯಿಗೆ ಹಾಕಿ ಮುಕ್ಕಳಿಸಿದ. ಕಾಗದಪತ್ರಗಳನ್ನು ಮೊದಲೇ ಹಗರಿಬೊಮ್ಮನಹಳ್ಳಿಗೆ ಒಯ್ದು ಪರಿಚಯದ ವಕೀಲರಿಗೆ ತೋರಿಸಿದ್ದ. ಎಲ್ಲೂ ಕೊಂಕಿಲ್ಲ. ಕೊಂಕಿಲ್ಲದಿರುವುದೇ ಅವನಿಗೆ ದೊಡ್ಡ ಗುಮಾನಿಯಾಯಿತು. ಗುರುಬಸವರಾಜ ತರಿಸಿದ ಚಹಾ ಮುಟ್ಟಲಿಲ್ಲ. ವಿಮಾನದ ಸದ್ದು ಹೇಗಪ್ಪ ಎಂದು ಕೇಳಿದ.

“ನನ್ನ ಮಾತು ಯಾಕ ನಂಬ್ತೀರಿ ಯಜಮಾನ್ರ? ನೀವ ಕುಂತು ಕೇಳ್ರಿ.”

ಕುಳಿತ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಹೊತ್ತು ಮುಳುಗುವ ತನಕ ಕುಳಿತ. ಹಕ್ಕಿಗಳ ಗಲಾಟೆ ಬಿಟ್ಟರೆ ಏನೂ ಇಲ್ಲ. ಒಂದು ದಿನದ್ದನ್ನು ನಂಬುವುದುಂಟೆ? ಮುಂದಿನ ಸೋಮವಾರ ಹೇಳದೆ ಕೇಳದೆ ಹೋದ. ನಿಲ್ದಾಣದ ಗೇಟಿಗೆ ಬೀಗ. ಎಲಾ ಇವರ, ವಿಮಾನದ ಸುದ್ದಿಯೇ ಬೊಗಳೆ, ಸೈಟಿನ ದರ ಏರಿಸಲು ಹಬ್ಬಿಸಿದ್ದು ಎಂದು ಅನುಮಾನವನ್ನು ಆ ಕಡೆ ತಿರುಗಿಸಿದ. ಮೂರನೆಯ ಸೋಮವಾರ ಭಾಗ್ಯಳನ್ನೂ ಕರೆದೊಯ್ದ. ಕೂಸು ಸೆರಗಿನ ನೆರಳಲ್ಲಿ ಎರಡು ತಾಸು ಅಲುಗದೆ ಮಲಗಿತು. ಅದನ್ನು ಕಂಡು ಮುದುಕನ ಕರುಳು ಕರಗಿತು. ತಗೋ ತಾಯಿ ಎಂದುಬಿಟ್ಟ.

ಉಜ್ಜಿನಪ್ಪನೇ ಒಪ್ಪಿದನಂತೆ! ಇನ್ನೇನು ಬೇಕು ಊರಿಗೆ? ಹದಿನೈದು ದಿನದಲ್ಲಿ ಹದಿನಾಲ್ಕು ಸೈಟು ಹೋದವು. ಒಬ್ಬಿಬ್ಬರು ನೋಡಿಬರಲು ಹೋದರು, ಬಿಡುವಿರುವ ಸೋಮವಾರವೇ ಹೋದರು. ಗಂಡ ಸತ್ತ ಗಾದೆಮ್ಮ ಅಷ್ಟನ್ನೂ ಮಾಡಲಿಲ್ಲ. ಇದ್ದ ಕುರಿಹಿಂಡು ಮಾರಿ ಭಾಗ್ಯಳ ಪಕ್ಕದ ಸೈಟು ಹಿಡಿದಳು.

ಪಾಯದ ಪೂಜೆಗೆ ಬುಧವಾರ ಮುಹೂರ್ತ ಬಂತು. ಎರಡೂ ಸೈಟಿಗೆ ಒಟ್ಟಿಗೇ ಪೂಜೆ. ಕಾಯಿ ಒಡೆಯಬೇಕು ಅನ್ನುವಷ್ಟರಲ್ಲಿ ಬೇವಿನ ಗಿಡದ ತುದಿ ಸವರುವಂತೆ ವಿಮಾನವೊಂದು ಅಬ್ಬರಿಸಿ ಇಳಿಯಿತು. ಅದರ ಹಿಂದೆಯೇ ಇನ್ನೊಂದು. ಕೂಸು ಕಿಟಾರನೆ ಕಿರುಚಿ ಉಸಿರು ಕಟ್ಟಿತು. ಭಾಗ್ಯ ಬೆನ್ನು ತಟ್ಟಿ, ಮುಖಕ್ಕೆ ಊದಿ, ಅದು ಮತ್ತೆ ಅಳುವ ಹೊತ್ತಿಗೆ ಮೂರನೆಯದು ಬಂತು. ನಿಲ್ದಾಣದ ಕಾವಲುಗಾರ ಓಡಿಬಂದು ಬೈಯತೊಡಗಿದ. ಈ ಸಾಲು ವಿಮಾನ ಇಳಿಯುವ ದಾರಿಯಲ್ಲೇ ಇದೆ, ಕಲಿಯುವವರ ಕೈ ಒಂದಿಷ್ಟು ತಪ್ಪಿದರೂ ಮನೆಯ ಮೇಲೇ ಬೀಳುತ್ತದೆ, ಇಲ್ಲಿ ಕಟ್ಟಲು ಯಾರು ಹೇಳಿದರು ಎಂದ. ದಿನವೂ ಬೆಳಗಿನಿಂದ ಸಂಜೆಯವರೆಗೆ ಇದೇ ಹಾರಾಟವಂತೆ. ಸೋಮವಾರ ಮಾತ್ರ ಶಾಲೆಗೆ ರಜೆ.

ಉಜ್ಜಿನಪ್ಪ ಪೂಜೆಗೆ ಬಂದಿದ್ದ ಗುರುಬಸವರಾಜನ ಕೊರಳಪಟ್ಟಿಗೆ ಕೈ ಹಾಕಿದ. ಅವನು ಬಿಡಿಸಿಕೊಳ್ಳಲೂ ಇಲ್ಲ.

“ಸೋಮವಾರ ಬರ್ರಿ ಅಂತ ನಾ ಯಾವಾಗರ ಅಂದೀನೇನ್ರಿ? ದಿನ ಗೊತ್ತುಮಾಡಿದೋರು ನೀವ.”

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದನೋ, ಅವನಿಗೂ ಗೊತ್ತಿರಲಿಲ್ಲವೋ? ಎತ್ತು ಮಾರುವವರ ಮುಖ ನೋಡಿ ಪಳಗಿದ ಕಣ್ಣಿಗೂ ಆ ಮುಖದಲ್ಲಿ ಏನೂ ಸಿಗಲಿಲ್ಲ. ಕೈ ತಾನಾಗಿ ಸಡಿಲಾಯಿತು. ಗಾದೆಮ್ಮನ ಕಡೆ ತಿರುಗಿ, ಈ ಕಳ್ಳನ ಮಾತು ನಂಬಿ ನೀನೂ ಕೆಟ್ಟೆಯಲ್ಲವ್ವ ಎಂದ.

ಗಾದೆಮ್ಮ ಹರಿಯುವ ಕಣ್ಣೀರು ಒರೆಸಿಕೊಳ್ಳಲಿಲ್ಲ.

“ಅವನ್ನ ಯಾರು ನಂಬಿದ್ರು ಯಣ್ಣ? ನೀನು ಮೂರು ಸಲ ನೋಡಿ ಬಂದಿ ಅಂತ ನಾ ಕುರಿ ಮಾರಿದೆ.”