ಅವರೆಕಾಯಿ ಸುಲಿದು ಪಡೆದ ಸಹಿ

ಇವತ್ತು ಬೆಳಿಗ್ಗೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಬೆರಳಿಗೆಲ್ಲ ಸೊಗಡು. ಹುಣಸೂರಿನ ಚಳಿಗಾಲಕ್ಕೆ ಬೇರೆ ವಾಸನೆಯಿಲ್ಲ ಎಂದರೆ ನೀವೂ ಒಪ್ಪುತ್ತೀರಿ. ಅಷ್ಟರಲ್ಲಿ ಗೇಟಿನ ಬಳಿ ರಟ್ಟಿನ ಪ್ಯಾಡ್ ಹಿಡಿದ ಹುಡುಗಿಯೊಬ್ಬಳು, "ಬಿ.ಎಡ್. ಕಾಲೇಜಿಂದ ಬಂದಿದೀನಿ ಸರ್" ಎಂದಳು. ಪ್ಯಾಡ್ ಕಂಡದ್ದೇ ತಡ, ನನಗೆ ನಗು ಬಂತು.

ಬಿ.ಎಡ್. ಓದುವಾಗ ನಾನೂ ಹಾಗೆ ಹೋದವನು. ಪಟ್ಟಣದ ಶಾಲೆಯಲ್ಲಿ ಪಾಠ ಮಾಡುವ ಮುನ್ನ ಆ ಮಕ್ಕಳ ಬೀದಿಯಲ್ಲಿ ಹದಿನೈದು ದಿನ ಓಡಾಡಬೇಕು ಎಂಬುದು ನಮ್ಮ ಕಾಲೇಜಿನ ನಿಯಮ. ಕೊನೆಗೆ ಆ ಬೀದಿಯ ತಾಯಿಯೊಬ್ಬರು ನಮ್ಮ ದಾಖಲೆ ಪುಸ್ತಕಕ್ಕೆ ಸಹಿ ಹಾಕಬೇಕು. ಸಹಿಯಿಲ್ಲದಿದ್ದರೆ ಆ ವರ್ಷ ಪಾಸಿಲ್ಲ. ನನ್ನ ಪಾಲಿಗೆ ಬಂದವರು ಸೊಪ್ಪು ಮಾರುವ ರತ್ನಮ್ಮ. ಅವರ ಮಗಳು ಮಂಜುಳಾ ಅದೇ ಶಾಲೆಯಲ್ಲಿ ಓದುತ್ತಿದ್ದಳು.

ಮೊದಲ ದಿನ ಇಸ್ತ್ರಿ ಅಂಗಿ ತೊಟ್ಟು, ಪ್ಯಾಡ್ ಹಿಡಿದು ಹನ್ನೆರಡು ಮನೆ ತಿರುಗಿದೆ. ಯಾರ ಮನೆಯಲ್ಲೂ ಟಿ.ವಿ. ಇಲ್ಲವಂತೆ, ಬೈಕಿಲ್ಲವಂತೆ. ಹೇಳಿದ್ದನ್ನೆಲ್ಲ ನಿಷ್ಠೆಯಿಂದ ಬರೆದುಕೊಂಡೆ. ಒಂದು ಮನೆಯಲ್ಲಿ ಸೀರೆ ಹೊದಿಸಿದ ಪೆಟ್ಟಿಗೆಯೊಳಗಿಂದ ಧಾರಾವಾಹಿಯ ಅಳು ಕೇಳುತ್ತಿತ್ತು. ಅದನ್ನು ಮಾತ್ರ ಬರೆಯಲಿಲ್ಲ.

ನಾನು ಬರೆದುಕೊಂಡದ್ದನ್ನು ಕೇಳಿ ರತ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ರೇಷನ್ ಕಾರ್ಡ್ ಕಿತ್ಕೊಳಕ್ಕೆ ಬಂದೋರು ಅಂತ ತಿಳ್ಕಂಡವ್ರೆ ಕಣ್ರೀ ಮೇಷ್ಟ್ರೇ! ಆ ಪ್ಯಾಡ್ ಅತ್ಲಾಗೆ ಮಡುಗಿ. ಬನ್ನಿ, ಕಾಯಿ ಸುಲೀರಿ."

ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಅವರ ಮೆಟ್ಟಿಲ ಮೇಲೆ ಸೇರುತ್ತಿದ್ದರು. ಕೈತುಂಬ ಕಾಯಿ, ಬರೆಯಲು ಕೈಗೆ ಬಿಡುವೇ ಇಲ್ಲ. "ಮೇಷ್ಟ್ರು ಕಾಳು ಬಿಸಾಕಿ ಸಿಪ್ಪೆ ಮೊರಕ್ಕೆ ಆಕ್ತಾವ್ರೆ!" ಎಂದು ಯಾರೋ ಕೂಗಿದರು. ಅಂದಿನಿಂದ ಬೀದಿ ನನ್ನೊಡನೆ ಮಾತಾಡತೊಡಗಿತು.

ಹದಿನಾಲ್ಕನೆಯ ದಿನ ಸಹಿ ಕೇಳಿದೆ. "ನಮ್ ಮಂಜುಳನ ವಿಚಾರ ಏನ್ ಬರ್ದಿದ್ದೀರಿ, ಓದಿ," ಎಂದರು. ಓದಿದೆ: "ದಿನವೂ ತಡ. ಪೋಷಕರಿಗೆ ಆಸಕ್ತಿ ಕಡಿಮೆ." ಮೊದಲ ದಿನವೇ ಶಾಲೆಯ ಮೇಡಂ ಹೇಳಿದ್ದನ್ನು ವಿಚಾರಿಸದೆ ಇಳಿಸಿಕೊಂಡ ಸಾಲು.

ಸುಲಿಯುವ ಕೈಗಳೆಲ್ಲ ನಿಂತವು.

"ಶಾಲೆ ಗಂಟೆ ಒಡಿಯೋ ಒತ್ಗೇ ನಮ್ ನಲ್ಲೀಲಿ ನೀರು ಬರೋದು. ನಾನು ಸೊಪ್ಪು ಮಾರಕ್ಕೆ ಓಗಿರ್ತೀನಿ. ಬಿಂದ್ಗೆ ತುಂಬೋರು ಯಾರು? ಬಂದ್ ನೋಡಿದ್ರಾ?"

ನೋಡಿರಲಿಲ್ಲ. ಮರುದಿನ ಮಂಜುಳಾಳೊಂದಿಗೆ ನಲ್ಲಿಯ ಸಾಲಿನಲ್ಲಿ ನಿಂತೆ, ಅವಳ ಜೊತೆಯಲ್ಲೇ ತಡವಾಗಿ ಶಾಲೆಗೆ ಹೋದೆ. ಮೇಡಂ ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿದರು. ಅಲ್ಲೇ ನಿಂತು ನಲ್ಲಿಯ ವಿಷಯ ಹೇಳಿದೆ. ಅವರು ದಾರಿ ಬಿಟ್ಟರು. ಆ ಸಾಲು ಹೊಡೆದುಹಾಕಿ ನೀರು ಬರುವ ಹೊತ್ತು ಬರೆದೆ. ಸಂಜೆ ರತ್ನಮ್ಮ ಸಹಿ ಹಾಕಿದರು, ಸೊಗಡಿನ ಬೆರಳಲ್ಲೇ.

ಇಷ್ಟನ್ನೂ ಕೇಳಿದ ಹುಡುಗಿ ಪ್ಯಾಡ್ ಬದಿಗಿಟ್ಟು ಮೊರದ ಮುಂದೆ ಕೂತಳು. ಒಂದು ಕಾಯಿ ಬಿಡಿಸಿ, "ಈ ಬೀದಿಗೆ ನೀರು ಎಷ್ಟೊತ್ತಿಗೆ ಬರುತ್ತೆ ಸರ್?" ಎಂದಳು.

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ಸಂಪ್ ಇದೆ, ಮೋಟಾರ್ ಇದೆ. ಬೀದಿ ನಲ್ಲಿಯ ಕಡೆ ನೋಡಿ ವರ್ಷಗಳಾದವು.

"ನಾಳೆ ಬೆಳಿಗ್ಗೆ ಬಾಮ್ಮ," ಎಂದೆ. "ಇಬ್ರೂ ಹೋಗಿ ನಿಂತ್ಕೊಳ್ಳೋಣ."