ಬಾವಿ ನೀರಿನ ಮೇಲಿನ ಪೊರೆ

ಬಾವಿಯ ವಿಷಯದಲ್ಲಿ ಪಂಪ್ ಮಾಮನಿಗೆ ಎದುರಾಡುವವರು ಆ ಬೀದಿಯಲ್ಲೇ ಇರಲಿಲ್ಲ. ಮೂವತ್ತು ವರ್ಷ ಊರವರ ಪಂಪ್ ಎತ್ತಿ ಇಳಿಸಿ ಪಳಗಿದ ಕೈ, ಜೊತೆಗೆ ಜಂಬವೂ ಒಂದು ಕೈ ಮೇಲೇ. ಹಾಗಾಗಿ ಒಂದು ಬೆಳಗ್ಗೆ ಸ್ವಂತ ಬಾವಿಯಲ್ಲೇ ಬಣ್ಣಬಣ್ಣದ ಪೊರೆ ತೇಲಿದಾಗ ಮಹಾರಾಯ ಇನ್ನೊಂದು ಸಲ ಬಗ್ಗಿ ನೋಡಲಿಲ್ಲ. ಪಕ್ಕದಲ್ಲೇ ಬೈಕ್ ಗ್ಯಾರೇಜು ಇರುವಾಗ ಎಣ್ಣೆಯಲ್ಲದೆ ಇನ್ನೇನು? ನಾಲ್ಕು ಜನರ ಎದುರಿಗೇ ಗ್ಯಾರೇಜಿನವನನ್ನು ಹಿಗ್ಗಾಮುಗ್ಗಾ ಬೈದ. ಅಂದಿನಿಂದ ಜನ ಅಲ್ಲಿಗೆ ಗಾಡಿ ತರುವುದೇ ಕಡಿಮೆಯಾಯಿತು.

ಹೆಂಡತಿ ಮಾತ್ರ ಗೊಣಗುತ್ತಲೇ ಇದ್ದಳು. ಬಿಳಿ ಬಟ್ಟೆಗೆಲ್ಲ ಕಂದು ಕಲೆ, ನಲ್ಲಿ ತಿರುಗಿಸಿದರೆ ಕೊಳೆತ ವಾಸನೆ, ಎಣ್ಣೆ ಹೀಗೆ ನಾರುತ್ತಾ ಅಂತ ಕೇಳಿದಳು. ಇವನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ತಿಂಗಳು ನೋಡಿ, ಅವಳೇ ನೀರು ಪರೀಕ್ಷೆ ಮಾಡುವಾಕೆಯನ್ನು ಕರೆಸಿದಳು.

ಆಕೆ ಒಂದು ಬಕೆಟ್ ನೀರು ಸೇದಿಸಿ ಪೊರೆಯನ್ನು ಕಡ್ಡಿಯಿಂದ ಮುಟ್ಟಿದಳು. ಅದು ಗಾಜಿನ ಹಾಗೆ ಚೂರುಚೂರಾಯಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು ಅಂದಳು. ಆಮೇಲೆ ಕಕ್ಕಸಿನ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದಳು, ಒಳಗೆಲ್ಲ ಕೆಂಚು ಲೋಳೆ. ನೀರಲ್ಲಿರುವ ಕಬ್ಬಿಣದ ಅಂಶ ತಿಂದು ಬದುಕುವ ಬ್ಯಾಕ್ಟೀರಿಯವಂತೆ. ಸಾಮಾನ್ಯವಾಗಿ ಕಾಯಿಲೆ ತರದು, ಆದರೆ ಬಟ್ಟೆ, ಪೈಪು, ಪಂಪು ಯಾವುದನ್ನೂ ಬಿಡದು. ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆಯದ ಹಗ್ಗ, ಪೈಪುಗಳ ಜೊತೆ ಬಾವಿಯಿಂದ ಬಾವಿಗೆ ಹೋಗುತ್ತದೆ ಅಂತಲೂ ಹೇಳಿದಳು.

ಮಾಮನ ಮುಖ ಬಿಳಿಚಿತು. ಅವನು ಜನ್ಮದಲ್ಲಿ ಹಗ್ಗ ತೊಳೆದವನಲ್ಲ. ಒಂದು ಬಾವಿಯಿಂದ ಎಳೆದ ಹಗ್ಗವನ್ನು ಸುತ್ತಿ ಹೆಗಲಿಗೇರಿಸಿ, ಹಸಿಹಸಿಯಾಗೇ ಇನ್ನೊಂದಕ್ಕೆ ಇಳಿಸುವುದು ಅವನ ರೂಢಿ. ಜಗಳಕ್ಕೆ ಸ್ವಲ್ಪ ದಿನ ಮೊದಲು ತನ್ನ ಪಂಪ್ ಎತ್ತಿದ ಮಧ್ಯಾಹ್ನವೇ ಅದೇ ಹಗ್ಗ ಇಳಿಸಿ ಗ್ಯಾರೇಜಿನವನ ಪಂಪನ್ನೂ ಎತ್ತಿಕೊಟ್ಟಿದ್ದ.

ತಪ್ಪಾಯಿತು ಅನ್ನಲು ಹೊರಟ. ಗ್ಯಾರೇಜಿನಲ್ಲಿ ನೋಡಿದರೆ ನೆಲಕ್ಕೆ ಹೊಸ ಸಿಮೆಂಟು, ಹಿತ್ತಲಲ್ಲಿದ್ದ ಹಳೇ ಎಣ್ಣೆಯ ಡ್ರಮ್ಮು ಮಾಯ. ಇವನು ಬಾಯಿ ತೆರೆಯುವ ಮೊದಲೇ ಗ್ಯಾರೇಜಿನವನು ಸ್ಪ್ಯಾನರ್ ಕೆಳಗಿಟ್ಟು ತಲೆ ತಗ್ಗಿಸಿದ.

"ನೀವು ಬೈದಿದ್ದು ಸರಿ ಅಣ್ಣ. ನಮ್ಮ ಬಾವೀಲೂ ಅದೇ ಪೊರೆ ಬಂದಿದೆ. ಎಲ್ಲರ ನೀರೂ ನಾನೇ ಕೆಡಿಸಿಬಿಟ್ಟೆ."

ಸುಮ್ಮನಿದ್ದರೆ ಸಾಕಿತ್ತು, ಮಾಮನ ಮಾನ ಉಳಿಯುತ್ತಿತ್ತು. ಅಂಥ ಯೋಚನೆ ಬಂತಲ್ಲ ಅಂತ ತನ್ನ ಮೇಲೇ ಹೇಸಿಗೆಯಾಯಿತು.

"ಅದು ಎಣ್ಣೆ ಅಲ್ಲಪ್ಪ," ಅಂದ. "ನಿನ್ನ ಹೆಂಡತೀನೂ ಕರಿ. ನಿಮ್ಮ ಬಾವಿಗೆ ಅದನ್ನ ತಂದು ಬಿಟ್ಟೋನು ನಾನು."

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಮಾಮ ಹಗ್ಗದ ಕಥೆ ಪೂರ್ತಿ ಹೇಳಿದ. ಅವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎಲ್ಲರ ನೀರು ಕೆಡಿಸಿದೆ ಅಂತ ಒಂದು ತಿಂಗಳಿಂದ ಇವರು ಹೊಟ್ಟೆ ತುಂಬಾ ಊಟ ಮಾಡಿಲ್ಲ ಅಣ್ಣ," ಅಂದಳು.